ಅರ್ಧ ಅರ್ಧಲೆ ಪಾವ

ಮಗ್ಗಿ ಹೇಳುವುದರಲ್ಲಿ ಗೋಕಾಕದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದು ಮೂವತ್ತರ ದಶಕದ ಮಾತು. ನನಗೆ ಆಗ ಹನ್ನೊಂದು ವರ್ಷ, ಸೊಕ್ಕು ಮಾತ್ರ ವಯಸ್ಸಿಗೆ ಮೀರಿದ್ದು. ಎರಡರದು, ಮೂರರದು ಯಾರಿಗಾದರೂ ಬರುತ್ತದೆ ಬಿಡಿ, ನನಗೆ ಅರ್ಧದ ಮಗ್ಗಿಯೂ ಬಾಯಿಪಾಠ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ರಾಗವಾಗಿ ಒದರುತ್ತಿದ್ದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ, "ಏ, ಸಾಕ ಮಾಡ, ಕಿವಿ ತೂತ ಬೀಳ್ತಾವ" ಎಂದು ಬೈಯುತ್ತಿದ್ದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಹುಕ್ಕೇರಿಗೆ ಮದುವೆಯಾಗಿ ಹೋದ ಆ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಅವ್ವ ತೀರಿಕೊಂಡು ವರ್ಷವಾಗಿತ್ತು. ಅವ್ವನದು ಎಂದು ಉಳಿದದ್ದು ಒಂದೇ ಒಂದು ಕೌದಿ. ತನ್ನ ಹಳೆಯ ಸೀರೆಗಳ ಅರಿವೆ ಚೂರು ಜೋಡಿಸಿ ಅವಳೇ ಹೊಲಿದದ್ದು, ನಾಲ್ಕು ಮೊಳ ಉದ್ದ, ನಾಲ್ಕು ಮೊಳ ಅಗಲ. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಚಿಟಿಕೆ ಜೋಳದ ಕಾಳು ಇಟ್ಟಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದು ನಮ್ಮ ಮನೆಯ ಹೆಂಗಸರು ನಂಬಿದ್ದರು. ಕೂಸಿಗೆ ಹಾಸಲು ಅಕ್ಕನಿಗೆ ಅದು ಬೇಕು. ಅವ್ವನ ಮಗ್ಗುಲಲ್ಲಿ ಅದನ್ನೇ ಹೊದ್ದು ಮಲಗುತ್ತಿದ್ದ ನನಗೂ ಬೇಕು. ನಮ್ಮ ಜಗಳ ಕೇಳಿ ಬೇಸತ್ತ ಅಪ್ಪ, "ಅರ್ಧ ಅರ್ಧ ಮಾಡ್ಕೊಳ್ರಿ ಅತ್ಲಾಗ" ಎಂದು ಹೊಲಕ್ಕೆ ಹೋದ.

"ಕೂಸಿನ ಕೌದಿ ಚೌಕ ಇರಬೇಕ ನೋಡ," ಎಂದಳು ಅಕ್ಕ ಹೊರಸಿನ ಮೇಲಿಂದ. "ಸಾಲಿ ಕಲ್ತಾಕಿ ನೀ. ನೀನ ಅಳತಿ ಮಾಡ."

ಅದೇನು ಮಹಾ! ನಾಲ್ಕರ ಅರ್ಧ ಎರಡು. ಮೂಲೆಯಿಂದ ಉದ್ದಕ್ಕೆ ಎರಡು ಮೊಳ, ಅಗಲಕ್ಕೆ ಎರಡು ಮೊಳ ಅಳೆದು ಕತ್ತರಿ ಹಾಕಿದೆ.

ಅಕ್ಕ ಆ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಎದ್ದು ಬಂದು, ಉಳಿದ ಕೌದಿಯ ಮೇಲೆ ಅದನ್ನು ಸರಿಸಿ ಸರಿಸಿ ಇಟ್ಟಳು.

"ಒಂದ, ಎರಡ, ಮೂರ. ನಿನಗ ಮೂರ ಪಾಲು, ನನಗ ಒಂದ! ಅವ್ವನ್ನೂ ಕದ್ದೇನ ಕಳ್ಳಿ?"

"ದೇವರಾಣಿ ಅಕ್ಕಾ, ನನಗ ತಿಳೀಲಿಲ್ಲ."

"ತಿಳೀಲಿಲ್ಲಂತ! ದಿನಾ ಒದರಾಕಿ ನೀನ ಅಲ್ಲ? ಹೇಳ, ಅರ್ಧ ಅರ್ಧಲೆ ಎಷ್ಟ?"

"ಪಾವ" ಎಂದೆ, ಅದೇ ರಾಗದಲ್ಲಿ. ಪಾವ ಎಂದರೆ ನಾಲ್ಕರಲ್ಲಿ ಒಂದು ಪಾಲು. ಎರಡು ವರ್ಷದಿಂದ ಒದರಿದ ಮಾತು ನನ್ನ ಕಿವಿಗೆ ಬಿದ್ದದ್ದು ಆಗಲೇ. ಎರಡು ಎರಡಲೆ ನಾಲ್ಕು, ಮೂರು ಮೂರಲೆ ಒಂಬತ್ತು ಎಂದು ಸಂಖ್ಯೆಗಳು ತಮ್ಮಿಂದಲೇ ತಮ್ಮನ್ನು ಗುಣಿಸಿಕೊಂಡು ಹಿಗ್ಗುವುದಷ್ಟೇ ನನಗೆ ಗೊತ್ತಿತ್ತು. ಒಂದಕ್ಕಿಂತ ಚಿಕ್ಕದು ಹಾಗೆ ಮಾಡಿದರೆ ಇನ್ನಷ್ಟು ಕುಗ್ಗುತ್ತದೆ ಎಂಬುದು ಬಾಯಿಗೆ ಬಂದಿತ್ತು, ತಲೆಗೆ ಹತ್ತಿರಲಿಲ್ಲ. ಉದ್ದವೂ ಅರ್ಧ, ಅಗಲವೂ ಅರ್ಧ. ಅಯ್ಯೋ, ಪಾವಾಗದೆ ಇನ್ನೇನಾದೀತು! ಕತ್ತರಿ ಬಿಸಾಕಿ ಹೋ ಎಂದು ಅತ್ತೆ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಹುಚ್ಚಿ, ಖರೇನ ತಿಳಿದಿಲ್ಲಲ್ಲ ನಿನಗ!" ಎಂದು ನಗತೊಡಗಿದಳು. ನಗುತ್ತಲೇ ಅವಳ ಕಣ್ಣೂ ತುಂಬಿದವು. ಎಲ್ಲಾ ಕೂಡಿಸಿ ಹೊಲಿದು ಕೊಡುತ್ತೇನೆ, ಇಡೀ ಕೌದಿ ನೀನೇ ಒಯ್ಯಿ ಎಂದು ಗೋಗರೆದೆ. ಅವಳು ಒಪ್ಪಲಿಲ್ಲ.

ಹುಕ್ಕೇರಿಗೆ ಹೊರಟ ದಿನ ಚಕ್ಕಡಿಯಲ್ಲಿ ಕೂಸನ್ನು ಆ ಪಾವ ಪಾಲಿನ ಮೇಲೆಯೇ ಮಲಗಿಸಿದಳು. ನನ್ನ ಕೈ ಹಿಡಿದೆಳೆದು ಅದರ ಮೂಲೆಗೆ ಒತ್ತಿದಳು. ಬೆರಳಿಗೆ ಕಾಳು ಸಿಕ್ಕವು. ನಾನು ಕತ್ತರಿಸಿದ್ದು ಅವ್ವ ಜೋಳ ಇಟ್ಟ ಮೂಲೆಯನ್ನೇ.

"ಅರಿವಿ ನಿನಗ, ಕಾಳು ನನಗ," ಎಂದಳು ಅಕ್ಕ. "ಈಗ ಅರ್ಧ ಅರ್ಧ ಆತಿಲ್ಲ?"

ನನ್ನ ಪಾಲಿನ ಕೌದಿ ಇನ್ನೂ ಇದೆ. ಕತ್ತರಿಸಿದ ಮೂಲೆಗೆ ತೇಪೆ ಹಾಕಲು ನಾನು ಯಾರಿಗೂ ಬಿಟ್ಟಿಲ್ಲ.