ದೋಣಿಯ ಮೂರನೇ ನಕ್ಷತ್ರ

ಕಾಪುವಿನ ಮರಳಿಗೆ ಎಳೆದಿಟ್ಟ ದೋಣಿಯೊಂದರ ಮುಂಭಾಗದಲ್ಲಿ ದೇವಿಯ ಹೆಸರು, ಅದರ ಕೆಳಗೆ ಅರ್ಜೆಂಟೀನಾ ಫುಟ್‌ಬಾಲ್ ತಂಡದ ಲಾಂಛನ. ವಿಶ್ವಕಪ್ ಗೆದ್ದಾಗಲೆಲ್ಲ ಆ ಲಾಂಛನದ ನೆತ್ತಿಗೆ ಒಂದು ನಕ್ಷತ್ರ ಸೇರುತ್ತದೆ. ಇಲ್ಲಿ ನೆತ್ತಿಯಲ್ಲಿ ಎರಡೇ ಇದ್ದವು. ಮೂರನೆಯದು ಅಡಿಯಲ್ಲಿ, ಸೊಟ್ಟಗೆ.

"ಇದು ಮೇಲೆ ಬರಬೇಕಿತ್ತು, ಅಲ್ವಾ?" ದೋಣಿಯ ನೆರಳಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರನ್ನು ತಿಳಿದವನ ಗತ್ತಿನಲ್ಲಿ ಕೇಳಿದೆ.

"ಎರಡು ನನ್ನ ಮಗ ಬರೆದದ್ದು. ಅವನು ಕಡಲಲ್ಲಿ ಹೋಗಿಬಿಟ್ಟ ಮೇಲೆ ಅವರು ಮತ್ತೆ ಗೆದ್ದರು. ಮೂರನೆಯದು ನಾನು ಬರೆದೆ. ಮೇಲೆ ಬರೆದರೆ ದೇವಿಯ ಹೆಸರಿಗೆ ತಾಗುತ್ತದಲ್ಲ ಮಾರಾಯ."

ದೋಣಿ ಮಾರಿ ಆಗಿದೆಯಂತೆ. ಕೊಂಡವರು ನಾಳೆ ಹೊಸ ಬಣ್ಣ ಹೊಡೆಸುತ್ತಾರೆ.

"ದೇವಿಯ ಹೆಸರಿನ ಹತ್ತಿರ ಮಾತ್ರ ಬ್ರಷ್ ತರುವುದಿಲ್ಲವಂತೆ," ಎಂದರು. ಅಡಿಯ ನಕ್ಷತ್ರವನ್ನು ಬೆರಳಿಂದ ಸವರುತ್ತ, "ತಾಗಿಸಿಯೇ ಬರೆಯಬೇಕಿತ್ತು."