ಕುಡಿತವೂ ಅಲ್ಲ, ದರ್ಶನವೂ ಅಲ್ಲ

ಸುಮ್ಮನೆ ಕೂತಿರುವುದು ನನಗೆ ಹುಟ್ಟಿನಿಂದಲೇ ಬಾರದು. ಅಣ್ಣನನ್ನು ಶಾಲೆಯ ಮಾಸ್ಟ್ರ ಕೆಲಸದಿಂದ ತೆಗೆದ ಮೇಲಂತೂ ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ಮೂಡುಬಿದಿರೆಗೆ, ನನ್ನ ಕಾಲು ಒಂದು ಕಡೆ ನಿಂತದ್ದೇ ಇಲ್ಲ. ತೆಗೆದುಹಾಕಿದ ಪತ್ರದಲ್ಲಿದ್ದ ಕಾರಣ ಒಂದೇ ಪದ: ಕುಡಿತ. ಅದು ಪಾನನಿರೋಧದ ಕಾಲ. ಬೋರ್ಡಿನ ಮುಂದೆ ತೂರಾಡುವ, ಕೈಯಿಂದ ಸೀಮೆಸುಣ್ಣ ಹಾರಿಹೋಗುವ ಮಾಸ್ಟ್ರು ಬೇರೇನು ಮಾಡಿರಲು ಸಾಧ್ಯ? ಪೊಲೀಸರು ಎರಡು ಸಲ ಅವನ ಬಾಯಿ ಮೂಸಿ ನೋಡಿದ್ದರು. ವಾಸನೆ ಸಿಗದಿದ್ದರೂ ಕುಡುಕನೆಂಬ ಹೆಸರು ಹೋಗಲಿಲ್ಲ.

ಅವನು ಜನ್ಮದಲ್ಲಿ ಕಳ್ಳು ಮುಟ್ಟಿದವನಲ್ಲ. ನಮ್ಮ ಅಮ್ಮನೂ ಹೀಗೆಯೇ ಕೈಕಾಲು ಕುಣಿಯುತ್ತ ಕುಣಿಯುತ್ತ, ಕೊನೆಗೆ ಮಾತೂ ನಿಂತು ಸತ್ತಿದ್ದಳು. ಮಂಗಳೂರಿನ ಡಾಕ್ಟರು ಅದನ್ನೆಲ್ಲ ಕೇಳಿ, ಇದು ಮಿದುಳನ್ನು ನಿಧಾನವಾಗಿ ಸವೆಸುವ ಅಪರೂಪದ ಕಾಯಿಲೆ, ರಕ್ತದಲ್ಲೇ ಇಳಿದು ಬರುತ್ತದೆ, ಮದ್ದಿಲ್ಲ ಎಂದು ಬರೆದುಕೊಟ್ಟರು. ಆ ಕಾಗದ ಹಿಡಿದು ನಾನು ಮೆಟ್ಟಿಲು ಹತ್ತದ ಕಚೇರಿಯೇ ಉಳಿಯಲಿಲ್ಲ. "ಹೀಗೊಂದು ಕಾಯಿಲೆ ಉಂಟೂಂತ ನಾವು ಕೇಳಿಯೇ ಇಲ್ಲವಲ್ಲ" ಎನ್ನುತ್ತಿದ್ದರು ಅಲ್ಲಿನ ಅಧಿಕಾರಿಗಳು. ಈಗ ಕೇಳಿ, ಅದಕ್ಕೇ ಬಂದದ್ದು ಎಂದು ಬೈದು ಬರುತ್ತಿದ್ದೆ.

ಚುನಾವಣೆ ಬಂತು. ಮೂಡುಬಿದಿರೆಯ ಹತ್ತಿರ ಒಂದು ದೈವಸ್ಥಾನದ ಅಂಗಳದಲ್ಲಿ ಅಭ್ಯರ್ಥಿಯ ಸಭೆ. ಎಲ್ಲರೆದುರು ಅವರ ಬಾಯಿಂದಲೇ ಇದು ಕಾಯಿಲೆ ಎನ್ನಿಸಬೇಕೆಂದು ಅಣ್ಣನನ್ನು ಎಳೆದುಕೊಂಡು ಹೋದೆ. ನಮ್ಮ ಗ್ರಹಚಾರಕ್ಕೆ, ಸಭೆಗೆ ಮೊದಲು ಅವರು ದೈವಕ್ಕೆ ಪೂಜೆ ಇಟ್ಟುಕೊಂಡಿದ್ದರು. ಗಂಟೆ ಬಾರಿಸತೊಡಗಿದರು. ಜನ, ಸದ್ದು, ಸೆಕೆ. ಅಣ್ಣನ ಮೈ ಹಿಡಿತ ತಪ್ಪಿತು. ತಲೆ ತೂಗಿತು, ಕೈಗಳು ಮೇಲೆದ್ದವು.

"ದರ್ಶನ ಬಂತು!" ಎಂದು ಯಾರೋ ಕೂಗಿದರು. ದೈವವೇ ಮೈಮೇಲೆ ಬಂದಿದೆಯೆಂದು ಜನ ದಾರಿ ಬಿಟ್ಟರು. ಅಭ್ಯರ್ಥಿ ಹೆಗಲ ಶಾಲನ್ನು ಸೊಂಟಕ್ಕೆ ಬಿಗಿದು, ಕೈ ಮುಗಿದು ಅಣ್ಣನ ಮುಂದೆ ಬಗ್ಗಿದರು.

"ಈ ಸಲ ನನ್ನನ್ನು ದಡ ಸೇರಿಸಬೇಕು. ಏನು ಸೇವೆ ಆಗಬೇಕೋ ಅಪ್ಪಣೆಯಾಗಲಿ."

ದೈವದ ಅಪ್ಪಣೆಯೆಂದರೆ ಮರುದಿನವೇ ಶಾಲೆಯ ಬಾಗಿಲು ತೆರೆಯುತ್ತಿತ್ತು. "ಕೆಲಸ ಕೇಳು, ಕೇಳು" ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಅಣ್ಣ ನಾಲಿಗೆಯನ್ನು ಹದಕ್ಕೆ ತರಲು ಒದ್ದಾಡಿದ. ಆಮೇಲೆ ಒಂದನೆಯ ತರಗತಿಗೆ ಪಾಠ ಹೇಳುವಂತೆ ಒಂದೊಂದೇ ಪದ ಬಿಡಿಸಿ ಹೇಳಿದ:

"ನಾನು ದೈವ ಅಲ್ಲ. ಶಾಲೆಯ ಮಾಸ್ಟ್ರು. ಕುಡಿದದ್ದೂ ಅಲ್ಲ. ನನಗೆ ಕಾಯಿಲೆ ಉಂಟು. ನನ್ನ ಅಮ್ಮನಿಗೂ ಇತ್ತು."

ಅಭ್ಯರ್ಥಿಯ ಕೈಗಳು ಕೆಳಗಿಳಿದವು. ಆಶೀರ್ವಾದಕ್ಕೆಂದು ಹತ್ತಿರ ಬಂದಿದ್ದವರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು. "ಇವರನ್ನು ಆಸ್ಪತ್ರೆಗೆ ಸೇರಿಸಿ ಮಾರಾಯ್ರೆ" ಎಂದು ಅಭ್ಯರ್ಥಿ ವೇದಿಕೆ ಹತ್ತಿದರು. ಡಾಕ್ಟರ ಕಾಗದ ನನ್ನ ಕೈಯಲ್ಲೇ ಉಳಿಯಿತು.

ಬಸ್ಸಿಗೆ ಕಾಯುವಾಗ ನಾನು ಸಿಟ್ಟಿನಿಂದ ಅತ್ತಿತ್ತ ನಡೆಯುತ್ತಲೇ ಇದ್ದೆ. "ಯಾಕೆ ಹೇಳಿದ್ದು ನೀನು? ಕೆಲಸ ಸಿಗ್ತಿತ್ತಲ್ಲ!"

ಅಣ್ಣ ನನ್ನ ಕೈಗಳನ್ನೇ ನೋಡಿದ. "ನನಗೆ ಸಿಗ್ತಿತ್ತು. ನಾಳೆ ನಿನ್ನ ಕೈಯೂ ಹೀಗೆ ಕುಣಿದರೆ, ಅದು ಕಾಯಿಲೆ ಅಂತ ಯಾರಿಗೆ ಗೊತ್ತಿರ್ತದೆ?"

ಹುಟ್ಟಿನಿಂದ ಸುಮ್ಮನೆ ಕೂರಲಾರದ ನಾನು, ಬಸ್ಸು ಬರುವವರೆಗೂ ಒಂದು ಬೆರಳನ್ನೂ ಅಲುಗಿಸದೆ ನಿಂತಿದ್ದೆ.