ವಿಮಾನ ತಳ್ಳುವ ದೇವದಾಸ್

2025ರ ಮೇ 17, ಶನಿವಾರ, ಬೆಳಿಗ್ಗೆ 5 ಗಂಟೆ 50 ನಿಮಿಷ. ಗಿಲ್‌ರಾಯ್ ಊರಾಚೆಯ ಸಣ್ಣ ವಿಮಾನನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಡಲ ಕಡೆಯಿಂದ ಬಂದ ಮೋಡ ಗುಡ್ಡಗಳ ನೆತ್ತಿಯ ಮೇಲೆ ಮಲಗಿದೆ. ಅರವತ್ತಮೂರರ ದೇವದಾಸ್ ಸುಣ್ಣದ ಪುಡಿಯ ಗಾಡಿ ಹಿಡಿದು ಡಾಂಬರಿನ ಮೇಲೆ ಬಿಳಿ ಗೆರೆ ಎಳೆಯುತ್ತಿದ್ದಾರೆ. ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವವರ ಹಾಗೆ ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಾರೆ. ಸೊಟ್ಟಗಾದದ್ದು ಕಂಡರೆ ಕಾಲಿನಿಂದ ಅಳಿಸಿ ಮತ್ತೆ ಎಳೆಯುತ್ತಾರೆ.

ಗೆರೆಯ ಈಚೆ, ಹುಲ್ಲುಬಯಲಿನ ಅಂಚಿಗೆ, ಕಿತ್ತಳೆ ಬಣ್ಣದ ಹಗ್ಗವೊಂದನ್ನು ಕಟ್ಟಿದೆ. ಇನ್ನು ಮೂರು ಗಂಟೆಯಲ್ಲಿ ಆ ಬಯಲು ಜನರಿಂದ ತುಂಬುತ್ತದೆ.

"ಗೆರೆಯ ಆಚೆ ಅದು ವಿಮಾನ. ಈಚೆ ಬಂದ ಮೇಲೆ ತಳ್ಳುಗಾಡಿ. ಇಷ್ಟೇ ಮಾರಾಯ್ರೆ, ಬೇರೆ ಎಂತ ಇಲ್ಲ," ಎನ್ನುತ್ತಾರೆ ದೇವದಾಸ್.

ವರ್ಷಕ್ಕೊಮ್ಮೆ ಇಲ್ಲಿ ಖಾಸಗಿ ವಿಮಾನಗಳ ಮೇಳ ನಡೆಯುತ್ತದೆ. ಎರಡು, ನಾಲ್ಕು ಆಸನದ ನೂರಕ್ಕೂ ಹೆಚ್ಚು ವಿಮಾನಗಳು ಸುತ್ತಲ ಊರುಗಳಿಂದ ಹಾರಿಬಂದು ಹುಲ್ಲಿನ ಮೇಲೆ ಸಾಲಾಗಿ ನಿಲ್ಲುತ್ತವೆ. ಅವುಗಳ ನಡುವೆ ಜನ ಓಡಾಡಬಹುದು. ರೆಕ್ಕೆ ಮುಟ್ಟಬಹುದು, ಮಕ್ಕಳನ್ನು ಪೈಲಟ್ ಸೀಟಿನಲ್ಲಿ ಕೂರಿಸಬಹುದು. ಉಳಿದ ದಿನಗಳಲ್ಲಿ ಶಬ್ದದ ಬಗ್ಗೆ ದೂರು ಕೊಡುವ ಅಕ್ಕಪಕ್ಕದವರೂ ಅಂದು ಊಟದ ಡಬ್ಬಿ ಹಿಡಿದು ಬರುತ್ತಾರೆ.

ಕಳೆದ ವರ್ಷ ಅದಕ್ಕೆ ಕುತ್ತು ಬಂತು. ಇಂಜಿನ್ ಚಾಲೂ ಇದ್ದ ವಿಮಾನವೊಂದು ತನ್ನ ಜಾಗಕ್ಕೆ ಉರುಳಿ ಬರುತ್ತಿದ್ದಾಗ, ಮಗುವಿನ ಗಾಡಿ ತಳ್ಳುತ್ತಿದ್ದ ತಾಯಿಯೊಬ್ಬಳು ಅಡ್ಡ ಬಂದಳು. ತಿರುಗುವ ಪ್ರೊಪೆಲ್ಲರ್ ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪೈಲಟ್ ಇಂಜಿನ್ ನಿಲ್ಲಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಮೇಳಕ್ಕೆ ವಿಮೆ ಕೊಡುವ ಕಂಪನಿ ಕೇಳಿತು: ಏನಾದರೂ ಆಗಿದ್ದರೆ ಹೊಣೆ ಯಾರದು? ಜನರನ್ನು ತಂತಿಬೇಲಿಯ ಹೊರಗೆ ನಿಲ್ಲಿಸಿ, ಇಲ್ಲವೇ ಮೇಳ ನಿಲ್ಲಿಸಿ ಎಂದಿತು.

ಬೇಲಿಯಾಚೆಯಿಂದ ನೋಡುವುದಾದರೆ ಮೇಳವೇಕೆ ಎಂಬುದು ದೇವದಾಸರ ಪ್ರಶ್ನೆ. ಅವರು ಪೈಲಟ್ ಅಲ್ಲ. ಇಲ್ಲಿ ವಿಮಾನಗಳಿಗೆ ಇಂಧನ ತುಂಬುವ ಕೆಲಸ ಅವರದು. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ವಿಮಾನ. ಮೂಲ್ಕಿಯಿಂದ ಈ ದೇಶಕ್ಕೆ ಬಂದು ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸರ್ಕ್ಯೂಟ್ ಬೋರ್ಡು ಪರೀಕ್ಷಿಸಿದವರು. ಕಾರ್ಖಾನೆ ಮುಚ್ಚಿದಾಗ ಐವತ್ತೈದು ತುಂಬಿತ್ತು, ಎಲ್ಲೂ ಕೆಲಸ ಸಿಗಲಿಲ್ಲ. ಬಾಡಿಗೆ ಕಡಿಮೆಯೆಂದು ಗಿಲ್‌ರಾಯ್‌ಗೆ ಬಂದರು. ಮೊದಲ ಚಳಿಗಾಲದಲ್ಲಿ ತಣ್ಣನೆಯ ಇಂಧನ ಸೋಕಿ ಬೆರಳು ಬಿರಿದು, ರಾತ್ರಿ ಚಪಾತಿ ಮುರಿಯಲಿಕ್ಕೂ ಆಗುತ್ತಿರಲಿಲ್ಲವಂತೆ. "ಇಲ್ಲಿಗೆ ಬಂದ ವರ್ಷ ನಮಗೆ ಗುರುತಿನವರು ಅಂತ ಒಬ್ಬರೂ ಇರಲಿಲ್ಲ. ಮೇಳದ ದಿನ ಇಡೀ ಊರು ನನ್ನ ಹತ್ತಿರ ಮಾತಾಡಿತು ನೋಡಿ," ಎಂದು ನೆನೆಯುತ್ತಾರೆ.

ಬೇಲಿಯ ಬದಲಿಗೆ ಅವರು ಸೂಚಿಸಿದ ಉಪಾಯವೇ ಈ ಗೆರೆ. ಬಂದ ವಿಮಾನ ಗೆರೆಯ ಮೇಲೆ ಇಂಜಿನ್ ನಿಲ್ಲಿಸಬೇಕು. ಹಗ್ಗ ಬಿಚ್ಚಿ, ನಾಲ್ಕು ಜನ ಸೇರಿ ಅದನ್ನು ಹುಲ್ಲಿಗೆ ತಳ್ಳಬೇಕು. ಹೊರಡುವಾಗಲೂ ತಳ್ಳಿಕೊಂಡೇ ಗೆರೆಗೆ ಒಯ್ಯಬೇಕು. ಒಂದು ವರ್ಷ ನೋಡೋಣ ಎಂದಿದೆ ವಿಮಾ ಕಂಪನಿ. ಡೆನೀಸ್ ಎಂಬ ತಪಾಸಣಾಧಿಕಾರಿಯನ್ನೂ ಕಳಿಸಿದೆ. ಹಗ್ಗವೋ ಬೇಲಿಯೋ ಎಂದು ಆಕೆ ಇಂದು ಸಂಜೆ ಹೇಳಬೇಕು.

ಎಂಟೂವರೆಗೆ ಮೋಡ ಕರಗುತ್ತಿದ್ದಂತೆ ವಿಮಾನಗಳು ಇಳಿಯತೊಡಗುತ್ತವೆ. ತಳ್ಳುವವರಲ್ಲಿ ಬೆಳ್ಳುಳ್ಳಿ ತೋಟದ ಕೆಲಸಗಾರರಿದ್ದಾರೆ, ನಿವೃತ್ತ ಅಂಚೆಯವರಿದ್ದಾರೆ, ಮಿಲ್ಪಿಟಾಸಿನ ಹಳೆಯ ಸಹೋದ್ಯೋಗಿಗಳಿದ್ದಾರೆ. ಅವರಿಗೆಲ್ಲ ಚಹಾ ಕೊಡುತ್ತಿರುವ ದೇವದಾಸರ ಹೆಂಡತಿ ಸೌದಾಮಿನಿ ನಗುತ್ತಾರೆ: "ಮನೆಯಲ್ಲಿ ಸೋಫಾ ಸ್ವಲ್ಪ ಆಚೆ ತಳ್ಳಿ ಅಂದ್ರೆ ಇವರಿಗೆ ಸೊಂಟ ನೋವು. ಇಲ್ಲಿ ನೂರು ವಿಮಾನ ತಳ್ಳುದು!"

"ಸೋಫಾಕ್ಕೆ ಚಕ್ರ ಉಂಟಾ?" ದೇವದಾಸ್ ತಿರುಗಿಯೂ ನೋಡದೆ ಕೇಳುತ್ತಾರೆ.

ಹನ್ನೊಂದೂಕಾಲಿಗೆ ಮೌಂಟನ್ ವ್ಯೂನ ಇಂಜಿನಿಯರ್ ಅನುರಾಗ್ ಬರುತ್ತಾರೆ. ಗೆಳೆಯರ ಜತೆ ಪಾಲುಗಾರಿಕೆಯಲ್ಲಿ ಕೊಂಡ ವಿಮಾನದ ಮೊದಲ ಮೇಳ ಇದು. ಗೆರೆಯ ಮೇಲೆ ಇಂಜಿನ್ ನಿಲ್ಲುತ್ತದೆ, ನಾಲ್ವರು ತಳ್ಳುತ್ತಾರೆ, ಎಲ್ಲವೂ ಕ್ರಮದಂತೆ. ಮೊಮ್ಮಗಳ ಜತೆ ಕಾರಿನಲ್ಲಿ ಮೊದಲೇ ಬಂದಿದ್ದ ಅವರ ಅತ್ತೆ ರಮಾ ಮೈಸೂರಿನವರು. ಹೊಸ ವಾಹನಕ್ಕೆ ಪೂಜೆಯಾಗದೆ ಹೇಗೆ? ಸೇವಂತಿಗೆ ಹಾರ, ಕುಂಕುಮ, ನಾಲ್ಕು ನಿಂಬೆಹಣ್ಣು ತಂದಿದ್ದಾರೆ. ಪ್ರೊಪೆಲ್ಲರ್ ಅಡ್ಡಡ್ಡ ನಿಂತಿದೆ. ಹಾರ ತೂಗಬೇಕಾದರೆ ಒಂದು ಅಲಗು ಮೇಲಕ್ಕಿರಬೇಕು. ಅವರು ಹಾರವನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈಯಿಂದ ಅಲಗನ್ನು ಹಿಡಿಯುತ್ತಾರೆ.

"ಅಮ್ಮಾ! ಕೈ ಬಿಡಿ! ಹಿಂದೆ ಬನ್ನಿ!"

ದೇವದಾಸರ ಕೂಗಿಗೆ ಇಡೀ ಸಾಲು ತಿರುಗುತ್ತದೆ. ರಮಾ ಬೆಚ್ಚಿ ಹಿಂದೆ ಸರಿಯುತ್ತಾರೆ. ಮೊಮ್ಮಗಳು ತನ್ವಿ, "ಅಜ್ಜಿ, ವಾಟ್ ಡಿಡ್ ಯೂ ಡೂ?" ಎನ್ನುತ್ತಾಳೆ.

"ಏನಾಯ್ತಪ್ಪಾ? ಇಂಜಿನ್ನೇ ನಿಂತಿದ್ಯಲ್ಲ," ಎನ್ನುತ್ತಾರೆ ರಮಾ.

ದೇವದಾಸ್ ಕಿಟಕಿಯಿಂದ ಒಳಗೆ ನೋಡುತ್ತಾರೆ. ಕೀ ಇನ್ನೂ ಆನ್ ಸ್ಥಾನದಲ್ಲೇ ಇದೆ. ಇಂಥ ವಿಮಾನದಲ್ಲಿ ಇಂಧನ ಕಡಿದು ಇಂಜಿನ್ ನಿಲ್ಲಿಸುತ್ತಾರೆ. ಕೀ ತಿರುಗಿಸುವುದು ಆಮೇಲಿನ ಕೆಲಸ. ಅದನ್ನು ಮರೆತರೂ ಇಂಜಿನ್ ಸದ್ದಿಲ್ಲದೆ ನಿಂತೇ ಇರುತ್ತದೆ. ಆದರೆ ಅದಕ್ಕೆ ಕಿಡಿ ಕೊಡುವ ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ. ಪ್ರೊಪೆಲ್ಲರ್ ತಿರುಗಿದರೆ ಒಳಗಿನ ಅಯಸ್ಕಾಂತವೂ ತಿರುಗಿ ಕಿಡಿ ಹುಟ್ಟುತ್ತದೆ. ಬಿಸಿ ಇಂಜಿನ್ನಿನಲ್ಲಿ ತೊಟ್ಟು ಇಂಧನ ಉಳಿದಿದ್ದರೆ ಸಾಕು, ಅಲಗು ಒಂದು ಸುತ್ತು ಹೊಡೆದೇ ಬಿಡುತ್ತದೆ.

"ಹಳೇ ಸ್ಕೂಟರಿನ ಕಿಕ್ ಇದ್ದ ಹಾಗೆ ಅಮ್ಮ. ಕಾಲಲ್ಲಿ ಒದೆಯುದರ ಬದಲು ನೀವು ಕೈಯಲ್ಲಿ ತಿರುಗಿಸ್ಲಿಕ್ಕೆ ಹೊರಟದ್ದು," ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ಪೂಜೆ ಮಾಡಿ, ಬೇಡ ಅನ್ನುದಿಲ್ಲ. ಹಾರ ಬಾಲಕ್ಕೆ ಹಾಕಿ."

"ಬಾಲಕ್ಕಾ? ದೇವ್ರಿಗೆ ಹಿಂದ್ಗಡೆ ಹಾರ ಹಾಕ್ತಾರೇನಪ್ಪಾ?" ರಮಾ ಕೇಳುತ್ತಾರೆ.

ಅನುರಾಗ್ ಒಳಗೆ ಬಗ್ಗಿ ಕೀ ತಿರುಗಿಸುತ್ತಾರೆ. "ಸಾರಿ ಅಂಕಲ್. ಟೋಟಲಿ ನನ್ನ ಮಿಸ್ಟೇಕು. ಚೆಕ್‌ಲಿಸ್ಟು ಮುಗಿಸೋ ಮುಂಚೆ ಎಲ್ರೂ ಬಂದು ತಳ್ಳೋಕೆ ಶುರು ಮಾಡಿದ್ರು, ಮರೆತ್ಬಿಟ್ಟೆ."

ಈ ಮಾತಿಗೆ ದೇವದಾಸ್ ಗೆರೆಯತ್ತ ತಿರುಗಿ ನೋಡುತ್ತಾರೆ. ತಳ್ಳುವವರು ಅವಸರ ಮಾಡಿದ್ದು ದೇವದಾಸರದೇ ಏರ್ಪಾಟಿನ ಫಲ. ಬೇಗ ತಳ್ಳಿ ಗೆರೆ ಖಾಲಿ ಮಾಡಿ ಎಂದು ಬೆಳಿಗ್ಗೆ ಹೇಳಿದ್ದವರು ಅವರೇ. ಡೆನೀಸ್ ಸಾಲಿನ ಆ ತುದಿಯಲ್ಲಿದ್ದಾರೆ. ಕೂಗು ಕೇಳಿಸಿದೆ, ಕಾರಣ ಗೊತ್ತಿಲ್ಲ.

"ಹೇಳ್ಬೇಡಿ ಅಂಕಲ್, ಏನೂ ಆಗ್ಲಿಲ್ವಲ್ಲ," ಎನ್ನುತ್ತಾರೆ ಅನುರಾಗ್. "ಬೇಲಿ ಹಾಕಿದ್ರೆ ನಮ್ಮಿಂದ್ಲೇ ಆಯ್ತು ಅಂತಾಗುತ್ತೆ."

"ಇವತ್ತು ಹೇಳದಿದ್ರೆ ನಾಳೆ ಯಾರದ್ದೋ ಕೈ ಹೋಗ್ತದೆ. ಮತ್ತೆ ಹಗ್ಗ ಇಟ್ಟುಕೊಂಡು ಎಂತ ಮಾಡುದು?"

ದೇವದಾಸ್ ನಡೆದು ಹೋಗಿ, ತಮ್ಮ ಮಿಲ್ಪಿಟಾಸಿನ ಇಂಗ್ಲಿಷಿನಲ್ಲಿ, ಆದದ್ದನ್ನು ಆದ ಹಾಗೆ ಡೆನೀಸ್‌ಗೆ ಹೇಳುತ್ತಾರೆ. ಆಕೆ ನಗುವುದಿಲ್ಲ, ಸಿಡುಕುವುದೂ ಇಲ್ಲ. "ಈಗೇನು ಮಾಡುತ್ತೀರಿ?" ಎಂದಷ್ಟೇ ಕೇಳುತ್ತಾರೆ. ದೇವದಾಸರ ಬಳಿ ಉತ್ತರವಿದೆ. ಕೀ ಆನ್ ಇದ್ದರೆ ಹೊರಗೆ ತೆಗೆಯಲಾಗದು. ಹಾಗಾಗಿ ಪೈಲಟ್ ಕೀ ತೆಗೆದು ಗಾಜಿನ ಹಿಂದೆ, ಎಲ್ಲರಿಗೂ ಕಾಣುವಂತೆ ಇಡಬೇಕು. ಕೀ ಕಾಣುವ ತನಕ ವಿಮಾನಕ್ಕೆ ಯಾರೂ ಕೈ ಹಚ್ಚಬಾರದು.

ಬಯಲಿನ ಕೆಲಸ ನಿಲ್ಲುತ್ತದೆ. ದೇವದಾಸ್ ಒಂದೊಂದೇ ವಿಮಾನದ ಗಾಜಿಗೆ ಹಣೆ ಹಚ್ಚಿ ನೋಡುತ್ತ ಸಾಗುತ್ತಾರೆ. ನೂರ ಹದಿನೆಂಟರಲ್ಲಿ ಇನ್ನೂ ಎರಡರ ಕೀ ಆನ್ ಇದೆ. ಅದನ್ನೂ ಡೆನೀಸ್‌ಗೆ ಹೇಳುತ್ತಾರೆ. ಸೌದಾಮಿನಿ ಚಹಾದ ಮೇಜು ಬಿಟ್ಟು ಗೆರೆಯ ಬಳಿ ನಿಲ್ಲುತ್ತಾರೆ; ಪೈಲಟ್ ಇಳಿಯುವ ಮೊದಲೇ, "ಕೀ, ಪ್ಲೀಸ್!" ಎಂದು ಬೆರಳು ತೋರಿಸುವ ಕೆಲಸ ಇನ್ನು ಅವರದು. ಹಾರ ಕೊನೆಗೂ ಬಾಲ ಸೇರುತ್ತದೆ.

ಸಂಜೆ ಐದಕ್ಕೆ ಕೊನೆಯ ವಿಮಾನ ಹೊರಡುತ್ತದೆ. ಯಾರಿಗೂ ಗಾಯವಿಲ್ಲ. ದೇವದಾಸ್ ಹಗ್ಗ ಸುತ್ತುತ್ತಿರುವಾಗ ಡೆನೀಸ್ ಬಂದು ನಿಲ್ಲುತ್ತಾರೆ. ಇಷ್ಟು ವರ್ಷದಲ್ಲಿ ಅವಘಡಗಳನ್ನು ತಾನೇ ಹುಡುಕಿ ತೆಗೆಯಬೇಕಾಗಿತ್ತು, ನಡೆದು ಬಂದು ಹೇಳಿದವರು ಇಲ್ಲ ಎನ್ನುತ್ತಾರೆ. ವರದಿಯಲ್ಲಿ ಹಗ್ಗಕ್ಕೇ ಶಿಫಾರಸು, ಬೇಲಿ ಬೇಕಿಲ್ಲ. ಷರತ್ತು ಎರಡು. ಕೀ ಕಾಣಬೇಕು. ಗೆರೆ ಹಗ್ಗದಿಂದ ಇನ್ನಷ್ಟು ದೂರ ಹೋಗಬೇಕು; ಪೈಲಟ್‌ಗಳಿಗೆ ಅವಸರವಿಲ್ಲದೆ ಕೆಲಸ ಮುಗಿಸಲು ಜಾಗ ಬೇಕು.

"ದೂರ ಅಂದ್ರೆ ಹೆಚ್ಚು ತಳ್ಬೇಕು ಅಲ್ವಾ," ಎಂದು ಸೌದಾಮಿನಿ ಗಂಡನ ಸೊಂಟ ನೋಡುತ್ತಾರೆ.

"ತಳ್ಳುವ. ಬರುವ ವರ್ಷ ಹತ್ತು ಜನ ಜಾಸ್ತಿ ಬಂದ್ರೆ ಸಾಕು, ನನಗೆ ಬೇರೆ ಎಂತ ಆಸೆ ಇಲ್ಲ," ಎನ್ನುತ್ತ ದೇವದಾಸ್ ಅಳತೆಯ ಪಟ್ಟಿಯ ತುದಿ ಹಿಡಿದು ಹಗ್ಗದ ಗೂಟದ ಬಳಿ ಕೂರುತ್ತಾರೆ. ಡೆನೀಸ್ ಇನ್ನೊಂದು ತುದಿ ಹಿಡಿದು ಬೆಳಿಗ್ಗೆಯ ಗೆರೆಯನ್ನೂ ದಾಟಿ ಡಾಂಬರಿನ ಮೇಲೆ ನಡೆದು ಹೋಗಿ, ಬಾಗಿ, ಸುಣ್ಣದಿಂದ ಗುರುತು ಹಾಕುತ್ತಾರೆ.

ಹಗ್ಗದಿಂದ ಆ ಗುರುತಿಗೆ ನೂರ ಎಂಬತ್ತು ಅಡಿ.